ಉಳೀತಾರಾ ಡಾಕ್ಟ್ರೇ?

ಕೇಳುಗರಿಗೆ ನಮಸ್ಕಾರ.

ಮೆದುಳಿನಲ್ಲಿ ರಕ್ತಸ್ರಾವ ಆಗಿದೆ ಅಂದ ಕೂಡಲೇ ಮನೆಯವರು ಕೇಳುವುದು ಇದನ್ನೇ. ಉತ್ತರ ಕೊಡಲು ನಾವು ಐದು ಸಂಗತಿ ನೋಡುತ್ತೇವೆ. ರೋಗಿಗೆ ಎಚ್ಚರ ಎಷ್ಟಿದೆ? ಸೋರಿದ ರಕ್ತ 30 ಎಂಎಲ್ ಮುಟ್ಟಿದೆಯಾ? ಅಂದರೆ ಎರಡೇ ದೊಡ್ಡ ಚಮಚ, ಅಷ್ಟು ಸಾಕು. ಮೆದುಳಿನ ಒಳಗೆ ನೀರು ತುಂಬಿರುವ ಕೋಣೆಗಳಿಗೆ ರಕ್ತ ನುಗ್ಗಿದೆಯಾ? ಸೋರಿದ್ದು ಮೆದುಳಿನ ಕೆಳಭಾಗದಲ್ಲಾ? ವಯಸ್ಸು 80 ಆಗಿದೆಯಾ? 2001ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವೈದ್ಯರು ಇವಕ್ಕೆಲ್ಲ ಅಂಕ ಕೊಟ್ಟರು. ಅವರು ನೋಡಿದ ರೋಗಿಗಳಲ್ಲಿ ಸೊನ್ನೆ ಅಂಕದವರು ಒಬ್ಬರೂ ತಿಂಗಳೊಳಗೆ ಸಾಯಲಿಲ್ಲ. 3 ಅಂಕ ಬಂದವರಲ್ಲಿ 100ಕ್ಕೆ 72 ಮಂದಿ ಹೋದರು.

ಆದರೆ ಇವೆಲ್ಲ ರಕ್ತ ಸೋರಿದ ಮೇಲಿನ ಲೆಕ್ಕ. ಬಿಪಿ ಏರಿದರೆ ಮೆದುಳಿನ ರಕ್ತನಾಳ ಒಡೆಯಬಹುದು. ರಕ್ತ ಸೋರುವ ಮೊದಲು ನಿಮ್ಮ ಕೈಯಲ್ಲಿರುವುದು ಆ ಬಿಪಿ. ನಾನು ಇವತ್ತು ಬಂದಿರುವುದೇ ಬಿಪಿ ಬಗ್ಗೆ ಹೇಳುವುದಕ್ಕೆ.

ಎರಡನೇ ಮಹಾಯುದ್ಧದ ಕಾಲದ ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಕಥೆ ಕೇಳಿ. ವಿದ್ಯಾರ್ಥಿಗಳಿಗೆ ನಾನು ತಪ್ಪದೆ ಹೇಳುವ ಕಥೆ. 1937ರಲ್ಲೇ ಅವರ ಬಿಪಿ 162/98. ಅವರ ಖಾಸಗಿ ವೈದ್ಯರು ಕಿವಿ, ಮೂಗು, ಗಂಟಲಿನ ತಜ್ಞರು! 1944ರ ಮಾರ್ಚ್‌ನಲ್ಲಿ ಬ್ರುಯೆನ್ ಅನ್ನುವ ಯುವ ಹೃದಯತಜ್ಞ ಪರೀಕ್ಷೆ ಮಾಡಿದಾಗ 186/108, ಹೃದಯವೂ ಸೋತಿತ್ತು. ಉಪ್ಪು ಕಡಿಮೆ ಮಾಡಿ, ಸಿಗರೇಟು ಕಡಿಮೆ ಮಾಡಿ, ಮಲಗಿ ಅಂದರು. ಪಾಪ, ಬಿಪಿ ಇಳಿಸುವ ಒಳ್ಳೆಯ ಮಾತ್ರೆ ಆಗ ಎಲ್ಲಿತ್ತು? ಹಾಗೇ ಚುನಾವಣೆ ಗೆದ್ದರು, ಯುದ್ಧದ ಮಾತುಕತೆಗೆ ದೂರದ ಯಾಲ್ಟಾಕ್ಕೂ ಹೋಗಿಬಂದರು. 1945ರ ಏಪ್ರಿಲ್ 12, ಜಾರ್ಜಿಯಾದ ವಾರ್ಮ್ ಸ್ಪ್ರಿಂಗ್ಸ್. ಕಲಾವಿದೆಯೊಬ್ಬರು ಅವರ ಚಿತ್ರ ಬರೆಯುತ್ತಿದ್ದರು. ರೂಸ್‌ವೆಲ್ಟ್ ತಲೆಯ ಹಿಂದೆ ಭಯಂಕರ ನೋವು ಅಂದರು, ಕುಸಿದರು. ಮೆದುಳಿನಲ್ಲಿ ರಕ್ತಸ್ರಾವ. ಬ್ರುಯೆನ್ ನೋಡಿದಾಗ ಬಿಪಿ 300/190. ಮಧ್ಯಾಹ್ನ 3.35ಕ್ಕೆ ಎಲ್ಲ ಮುಗಿಯಿತು. ವಯಸ್ಸು 63. ಖಾಸಗಿ ವೈದ್ಯರು, ಇದು ಸೂಚನೆಯೇ ಇಲ್ಲದೆ ಬಂತು ಅಂದರು. ಎಂಟು ವರ್ಷ ಸೂಚನೆ ಕೊಟ್ಟಿತ್ತಲ್ಲ ಸ್ವಾಮಿ!

ಅಷ್ಟು ದೊಡ್ಡ ಮನುಷ್ಯನಿಗೆ ಸಿಗದ ಮಾತ್ರೆ ಇವತ್ತು ನಿಮ್ಮೂರಿನ ಮೆಡಿಕಲ್ ಶಾಪಿನಲ್ಲಿದೆ. ಆದರೂ 'ತಲೆಸುತ್ತು ಹೋಯ್ತು, ಮಾತ್ರೆ ಬಿಟ್ಟೆ ಸಾರ್' ಅಂತ ಬರ್ತಾರೆ. ಆರಾಮಾಗಿರುವುದು ಮಾತ್ರೆಯಿಂದ ಅಲ್ವಾ? ಬಿಪಿ ನೋವು ಕೊಡುವುದಿಲ್ಲ. ಅಳೆಯದೆ ಗೊತ್ತಾಗುವುದಿಲ್ಲ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ನೋಡಿಸಿ, ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ರಕ್ತ ತೆಳುವಾಗಿಸುವ ಮಾತ್ರೆಗಳ ಬಗ್ಗೆಯೂ ಹೇಳಬೇಕಿತ್ತು, ಟೈಮ್ ಇಲ್ಲ ಅಂತ ಇಲ್ಲಿ ಸನ್ನೆ ಮಾಡ್ತಿದ್ದಾರೆ. ಇಷ್ಟು ಮಾತ್ರ ಕೇಳಿ. ಮಾತು ತೊದಲಿದರೆ, ಕೈ ಬಿದ್ದುಹೋದರೆ, ಹಿಂದೆಂದೂ ಇಲ್ಲದ ತಲೆನೋವು ಹಠಾತ್ತನೆ ಬಂದರೆ 108ಕ್ಕೆ ಫೋನ್ ಮಾಡಿ. ಮೊದಲ ಕೆಲವು ಗಂಟೆಗಳಲ್ಲೇ ರಕ್ತ ಇನ್ನೂ ಸೋರಿ ಗಡ್ಡೆ ದೊಡ್ಡದಾಗಬಹುದು. ಈರುಳ್ಳಿ ಮೂಸಿಸುತ್ತಾ ಕೂರಬೇಡಿ. ಬಾಯಿಗೆ ನೀರು ಹಾಕಬೇಡಿ. ಆಸ್ಪಿರಿನ್ ಕೊಡಲೇಬೇಡಿ, ಸಿಟಿ ಸ್ಕ್ಯಾನ್ ಆಗುವವರೆಗೆ ಅದು ರಕ್ತಸ್ರಾವವೋ ಅಲ್ಲವೋ ನಮಗೂ ಗೊತ್ತಾಗುವುದಿಲ್ಲ. ನಮಸ್ಕಾರ.