ಎಂಟೋ, ಬಿ ಅಕ್ಷರವೋ? ಮ್ಯೂನಿಕ್‌ನ ಒಂದು ಹಳೇ ಮ್ಯಾಗಜೀನ್

ಹೊರಗೆ ಸಿಕ್ಕಾಪಟ್ಟೆ ಗಾಳಿ ಇತ್ತು, ಅದಕ್ಕೇ ಮನೆಗೆ ಬಂದು ಈ ವಿಡಿಯೋಗೆ ಮಾತು ಸೇರಿಸುತ್ತಿದ್ದೇನೆ. ಇದು ಮ್ಯೂನಿಕ್ ಪಕ್ಕದ ಹಾರ್ ಅನ್ನೋ ಊರು. ಈ ಬೀದಿ ಹಾನ್ಸ್-ಪಿನ್ಸೆಲ್-ಸ್ಟ್ರಾಸೆ. ಎಂಬತ್ತರ ದಶಕದಲ್ಲಿ 'ಮಾರ್ಕ್ಟ್ ಉಂಟ್ ಟೆಕ್ನಿಕ್' ಪ್ರಕಾಶನ ಇದ್ದದ್ದು ಇಲ್ಲೇ. ಅದೇ ಹೆಸರಿನ ಎಲೆಕ್ಟ್ರಾನಿಕ್ಸ್ ವಾರಪತ್ರಿಕೆ ಈಗಲೂ ಬರುತ್ತದೆ. ಆದರೆ ಬೋರ್ಡು ಗೀರ್ಡು ನನ್ನ ಕಣ್ಣಿಗೇನೂ ಬೀಳಲಿಲ್ಲ. ಇದನ್ನು ನೋಡೋಕೆ ರೈಲು ಹತ್ತಿ ಹೋಗಿದ್ರಾ ಅಂತ ಹೆಂಡತಿ ಕೇಳಿದಳು.

ಹೋಗಿದ್ದು ಇದರಿಂದಾಗಿ. ಹಳೇ ಸಾಮಾನಿನ ಸಂತೆಯಲ್ಲಿ ಸಿಕ್ಕ '64ಎರ್', 1986ರ ಸಂಚಿಕೆ. ಕೊಮೊಡೋರ್ 64 ಅನ್ನೋ ಮನೆಬಳಕೆಯ ಕಂಪ್ಯೂಟರ್ ಇದ್ದವರಿಗೇ ಅಂತ 1984ರ ಏಪ್ರಿಲ್‌ನಲ್ಲಿ ಶುರುವಾದ ಪತ್ರಿಕೆ. ಬೆಲೆ ಜರ್ಮನಿಯ ಹಳೇ ದುಡ್ಡಲ್ಲಿ ಆರೂವರೆ ಮಾರ್ಕ್, ಅಂದರೆ 3.32 ಯೂರೋ. ಆ ಪುಣ್ಯಾತ್ಮ 12 ಕೇಳಿದ! ಚೌಕಾಸಿ ಮಾಡಿ 10ಕ್ಕೆ ತಂದೆ. ನಮ್ಮಮ್ಮ ಆಗಿದ್ದರೆ ನಾಲ್ಕಕ್ಕೆ ಇಳಿಸಿ ಮೇಲೆ ಕೊಸರೂ ಕೇಳುತ್ತಿದ್ದರು. ಒಂದ್ಸಲ ಗಾಂಧಿ ಬಜಾರಲ್ಲಿ ಬದನೆಕಾಯಿಗೆ... ಅಯ್ಯೋ, ಶಾಟ್ ಮುಗೀತು. ಟೇಬಲ್‌ಗೆ ಬನ್ನಿ.

ಈ ಪುಟಗಳ ತುಂಬಾ ಇರುವುದು ಪ್ರೋಗ್ರಾಮ್. ಓದುಗರೇ ಟೈಪ್ ಮಾಡಬೇಕು. ಬೇಜಾರಾದವರಿಗೆ ಅದೇ ಪ್ರೋಗ್ರಾಮನ್ನು ಡಿಸ್ಕ್‌ನಲ್ಲಿ ಹಾಕಿ ಮಾರುತ್ತಿದ್ದವರೂ ಇವರೇ. ಸುಲಿಗೆ, ಅಲ್ವಾ?

ನಾನು ಎಮ್ಯುಲೇಟರ್‌ನಲ್ಲಿ, ಅಂದರೆ ಈಗಿನ ಕಂಪ್ಯೂಟರನ್ನು ಆ ಹಳೇದರ ಹಾಗೆ ನಡೆಸೋ ಸಾಫ್ಟ್‌ವೇರ್‌ನಲ್ಲಿ, ಟೈಪ್ ಮಾಡೋಕೆ ಕೂತೆ. ಇವರದೇ ಎಂಎಸ್‌ಇ ಅನ್ನೋ ಎಡಿಟರ್. ಸಾಲಿಗೆ ಎಂಟು ಬೈಟ್, ಕೊನೆಗೆ ತಾಳೆ ನೋಡೋಕೆ ಇನ್ನೊಂದು. ಒಂದೊಂದು ಬೈಟ್ ಅಂದರೆ ಎರಡು ಗುರುತು, ಸೊನ್ನೆಯಿಂದ ಒಂಬತ್ತರ ಅಂಕಿ ಇಲ್ಲಾ ಎ ಇಂದ ಎಫ್ ವರೆಗಿನ ಅಕ್ಷರ. ತಾಳೆ ಆಗದಿದ್ದರೆ ಮುಂದಿನ ಸಾಲಿಗೆ ಬಿಡೋದಿಲ್ಲ. ಹನ್ನೊಂದನೇ ಸಾಲಲ್ಲಿ ಸಿಕ್ಕಿಬಿದ್ದೆ. ಯಾರದೋ ಕಾಫಿ ಕಲೆ ಇಲ್ಲಿ, ನೋಡಿ. ಅದರಡಿ ಇರೋದು ಎಂಟೋ, ಬಿ ಅಕ್ಷರವೋ? ಎಂಟು ಹೊಡೆದೆ, ಇಲ್ಲ. ಬಿ ಹೊಡೆದೆ, ಇಲ್ಲ. ಮತ್ತೆ ಎಂಟು. ಫೋನಿನ ಟಾರ್ಚ್ ಹಾಕಿ ನೋಡಿದೆ, ಹಾಳೆಯನ್ನು ಕಿಟಕಿಗೆ ಹಿಡಿದೆ. ಮುಕ್ಕಾಲು ಗಂಟೆ! ಕೊನೆಗೆ ನೋಡಿದರೆ ತಪ್ಪು ಕಲೆಯ ಕೆಳಗೆ ಇರಲೇ ಇಲ್ಲ. ಮೂರು ಬೈಟ್ ಆಚೆ, ಚೆನ್ನಾಗಿ ಕಾಣೋ ಡಿ ಅಕ್ಷರವನ್ನು ನಾನೇ ಸೊನ್ನೆ ಅಂತ ಹೊಡೆದಿದ್ದೆ.

ಸುಲಿಗೆ ಅಂದೆನಲ್ಲ, ವಾಪಸ್ ತಗೊಳ್ತೀನಿ. ಡಿಸ್ಕ್ ಮಾರಿದ್ದು ಪುಣ್ಯದ ಕೆಲಸ.

ಇನ್ನೂ ಮೂರು ಪುಟ ಇದೆ. ಎಲ್ಲ ತೋರಿಸಲ್ಲ, ಹೆದರಬೇಡಿ. ಹಿಂದೆ ಚುಸ್ ಅಂತ ಕೇಳಿಸಿತಲ್ಲ, ಅದು ಕಂಪ್ಯೂಟರ್ ಅಲ್ಲ. ಒಲೆ ಮೇಲೆ ಹಾಲು ಉಕ್ಕಿದ್ದು.