ಮೂರು ಗ್ರಹ, ಮೂರು ಅಯಾನುಗೋಳ

ಕೇಳುಗರೇ, ನಮಸ್ಕಾರ.

ಹಗಲಲ್ಲಿ ಸುಳಿವೇ ಇಲ್ಲದ ದೂರದ ಮೀಡಿಯಂ ವೇವ್ ನಿಲಯಗಳು ರಾತ್ರಿ ಸ್ಪಷ್ಟವಾಗಿ ಕೇಳುತ್ತವಲ್ಲ, ಅದು ಅಯಾನುಗೋಳದ ಕೆಲಸ. ಸೂರ್ಯನ ಅತಿನೇರಳೆ ಕಿರಣಗಳು ವಾಯುಮಂಡಲದ ನೆತ್ತಿಯಲ್ಲಿ ಅಣು, ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ಬಿಡಿಸಿದ ಪದರ ಅದು. ಅದರ ಕೆಳಭಾಗ ಹಗಲಲ್ಲಿ ಈ ಅಲೆಗಳನ್ನು ನುಂಗುತ್ತದೆ. ಕತ್ತಲಾದರೆ ಕೆಳಭಾಗ ಇಲ್ಲವಾಗಿ, ಮೇಲಿನದು ಅಲೆಗಳನ್ನು ನೆಲಕ್ಕೆ ಮರಳಿಸುತ್ತದೆ.

ಶುಕ್ರ, ಮಂಗಳಗಳಿಗೂ ಅಯಾನುಗೋಳವಿದೆ. ಬುಧನನ್ನು ಬಿಟ್ಟುಬಿಡೋಣ, ಅಲ್ಲಿ ಹೇಳಿಕೊಳ್ಳುವಂಥ ಗಾಳಿಯೇ ಇಲ್ಲ. 1965ರಲ್ಲಿ ಮ್ಯಾರಿನರ್ 4 ನೌಕೆ ಮಂಗಳನ ಹಿಂದೆ ಮರೆಯಾಗುವಾಗ ಅದರ ರೇಡಿಯೋ ಅಲೆಗಳು ಅಲ್ಲಿನ ಗಾಳಿಯನ್ನು ಹಾದುಬಂದವು. ಆ ಅಲೆಗಳಲ್ಲಾದ ಬದಲಾವಣೆಯೇ ಮಂಗಳನ ಅಯಾನುಗೋಳದ ಮೊದಲ ಅಳತೆ. ಇದೇ ಉಪಾಯದಿಂದ ಜಪಾನಿನ ಅಕಾತ್ಸುಕಿ ನೌಕೆ ಶುಕ್ರನನ್ನು ಅಳೆದಾಗ, ಅದರ ಅಲೆಗಳನ್ನು ಹಿಡಿದ ಕೇಂದ್ರಗಳಲ್ಲಿ ಬೆಂಗಳೂರಿನ ಬಳಿಯ ಬ್ಯಾಲಾಳು ಕೂಡ ಒಂದು.

ಶುಕ್ರನ ನೆಲದ ಮೇಲೆ ಗಾಳಿಯ ಒತ್ತಡ ನಮ್ಮ ಸುಮಾರು 90 ಪಟ್ಟು. ಮಂಗಳನಲ್ಲಿ ನೂರರಲ್ಲೊಂದು ಪಾಲೂ ಇಲ್ಲ. ಆದರೂ ಇವೆರಡರ ಅಯಾನುಗೋಳಗಳೇ ಜೋಡಿ, ಬೇರೆಯಾದದ್ದು ನಮ್ಮದು! ಅಲ್ಲಿ ಎಲೆಕ್ಟ್ರಾನುಗಳು ಅತಿ ದಟ್ಟವಾಗಿರುವುದು 130–140 ಕಿಲೋಮೀಟರ್ ಎತ್ತರದಲ್ಲಿ. ನಮ್ಮಲ್ಲಿ ಸುಮಾರು 300ರಲ್ಲಿ. ಶುಕ್ರ, ಮಂಗಳ ಎರಡರಲ್ಲೂ ಗಾಳಿ ಬಹುಪಾಲು ಇಂಗಾಲದ ಡೈಆಕ್ಸೈಡ್. ಅದರ ಅಯಾನು, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಅಣು, ಆಮ್ಲಜನಕದ ಪರಮಾಣುವನ್ನು ಸಂಧಿಸಿದರೆ ಆಮ್ಲಜನಕದ ಅಣುವಿನ ಅಯಾನು ಹುಟ್ಟುತ್ತದೆ. ನಮ್ಮ ಮೇಲ್ಪದರದಲ್ಲಿರುವುದು ಆಮ್ಲಜನಕದ ಒಂಟಿ ಪರಮಾಣುವಿನ ಅಯಾನು. ಅದು ಎಲೆಕ್ಟ್ರಾನನ್ನು ಸುಲಭಕ್ಕೆ ಮರಳಿ ಸೇರಿಸಿಕೊಳ್ಳದು, ಹಾಗಾಗಿ ರಾತ್ರಿಯೂ ಉಳಿಯುತ್ತದೆ. ಅಣುವಿನ ಅಯಾನು ಹಾಗಲ್ಲ. ಎಲೆಕ್ಟ್ರಾನ್ ಸಿಕ್ಕಿತೋ, ಒಡನೆ ಸೇರಿ ಒಡೆಯುತ್ತದೆ.

ಹಾಗಾದರೆ ಶುಕ್ರನ ರಾತ್ರಿಯಲ್ಲಿ ಅಯಾನುಗೋಳ ಇರಲೇಬಾರದು. ಅಲ್ಲಿನ ಒಂದು ರಾತ್ರಿ ನಮ್ಮ ಸುಮಾರು 58 ದಿನ! ಆದರೆ ಇದೆ. 1978ರಲ್ಲಿ ಶುಕ್ರನನ್ನು ತಲುಪಿದ ಪಯೋನಿಯರ್ ನೌಕೆ, ಹಗಲಿನ ಕಡೆಯಿಂದ ಅಯಾನುಗಳು ಕತ್ತಲ ಕಡೆಗೆ ಹರಿಯುವುದನ್ನು ತೋರಿಸಿತು.

ಇನ್ನು ಆ ಒಡೆಯುವ ಸಂಗತಿ. ಆಮ್ಲಜನಕದ ಅಣುವಿನ ಅಯಾನು ಒಡೆದಾಗ ಎರಡು ಪರಮಾಣುಗಳು ಸೆಕೆಂಡಿಗೆ ಹಲವು ಕಿಲೋಮೀಟರ್ ವೇಗದಲ್ಲಿ ಸಿಡಿಯುತ್ತವೆ. ಶುಕ್ರನಿಂದ ಪಾರಾಗಲು 10 ಕಿಲೋಮೀಟರಿಗೂ ಹೆಚ್ಚಿನ ವೇಗ ಬೇಕು, ಅಷ್ಟು ಇರುವುದಿಲ್ಲ. ಅವು ಮರಳಿ ಬೀಳುತ್ತವೆ. ಮಂಗಳನಲ್ಲಿ 5 ಸಾಕು. ಮೇಲ್ಮುಖವಾಗಿ ಹೊರಟವುಗಳಲ್ಲಿ ಕೆಲವು ಮತ್ತೆಂದೂ ಬರುವುದಿಲ್ಲ. 2014ರಲ್ಲಿ ಮಂಗಳನ ಕಕ್ಷೆ ಸೇರಿದ ಮೇವನ್ ನೌಕೆಯನ್ನು ಕಳಿಸಿದ್ದೇ ಇಂಥ ಸೋರಿಕೆಯ ಲೆಕ್ಕ ಹಿಡಿಯಲು.

ನಮಸ್ಕಾರ.