ತಿರುವನ್ನು ಕೇಳದೆ ಕಟ್ಟಿದ ಎಂಜಿನ್ನುಗಳು

ಇಲ್ಲಿ ಕೂತವರಲ್ಲಿ ಅರ್ಧ ಜನಕ್ಕೆ ಮೀಟರ್ ಗೇಜಿನ ನೆನಪಿದೆ, ಹಾಗಾಗಿ ಉಗಿ ಎಂಜಿನ್ ಅಂದರೇನು ಅಂತ ಶುರು ಮಾಡಲ್ಲ. ಆ ಮೀಟರ್ ಗೇಜಿನ ಉಗಿ ಎಂಜಿನ್ ವೈಜಿಯನ್ನೇ ತಗೊಳ್ಳಿ, ಮುಂದಿನಿಂದ ಹಿಂದಕ್ಕೆ ಚಕ್ರಗಳ ಲೆಕ್ಕ 2-8-2. ಮುಂದಿನ ಎರಡು ಚಕ್ರ ತಿರುವಿನಲ್ಲಿ ದಾರಿ ತೋರಿಸುತ್ತವೆ, ನಡುವಿನ ಎಂಟು ಎಳೆಯುತ್ತವೆ, ಹಿಂದಿನ ಎರಡು ಬೆಂಕಿಗೂಡಿನ ಭಾರ ಹೊರುತ್ತವೆ. ನನ್ನ ವಾದ ಇಷ್ಟೇ: ಈ ಲೆಕ್ಕ ಕೊನೆಗೆ ತೀರ್ಮಾನ ಆಗೋದು ಡ್ರಾಯಿಂಗ್ ಬೋರ್ಡಿನ ಮೇಲಲ್ಲ, ಹಳಿಯ ಮೇಲೆ.

ಸೋವಿಯತ್ ರಷ್ಯಾದ ಕಥೆ ಹೇಳಲೇಬೇಕು. 1934ರಲ್ಲಿ ಅಲ್ಲಿ ಎಎ20 ಅನ್ನೋ ಎಂಜಿನ್ ಕಟ್ಟಿದರು. 4-14-4! ಒಂದೊಂದು ಅಚ್ಚಿಗೆ ಎರಡು ಚಕ್ರ, ಹಾಗಾಗಿ ಎಳೆಯೋ ಅಚ್ಚುಗಳು ಏಳು, ಏಳೂ ಒಂದೇ ಬಿಗಿ ಚೌಕಟ್ಟಿನಲ್ಲಿ. ಯೋಚನೆ ದಡ್ಡತನದ್ದೇನಲ್ಲ, ಎಳೆತ ಹೆಚ್ಚಬೇಕು, ಒಂದೊಂದು ಅಚ್ಚಿನ ಭಾರ ಮಾತ್ರ ಸುಮಾರು 20 ಟನ್ ದಾಟಬಾರದು, ಅಂದಮೇಲೆ ಅಚ್ಚು ಜಾಸ್ತಿ ಮಾಡು. ಆದರೆ ತಿರುವಿನಲ್ಲಿ ಹಳಿ ಬಾಗುತ್ತೆ, ಚೌಕಟ್ಟು ಬಾಗಲ್ಲ. ಉದ್ದದ ಅಡಿಕೆ ದಬ್ಬೆ ಹೊತ್ತು ಓಣಿಯ ಮೂಲೆ ತಿರುಗಿದವರಿಗೆ ಇದನ್ನ ನಾನು ವಿವರಿಸಬೇಕಾಗಿಲ್ಲ. ಅದಕ್ಕೇ ನಡುವಿನ ಮೂರು ಅಚ್ಚಿನ ಚಕ್ರಗಳಿಗೆ ಒಳ ಅಂಚೇ ಇಡಲಿಲ್ಲ. ಅಂಚು ತಾನೇ ಚಕ್ರವನ್ನ ಹಳಿ ಮೇಲೆ ಹಿಡಿದಿಡೋದು? ಇವು ಹಳಿ ಮೇಲೆ ಅತ್ತಿತ್ತ ಜರುಗಲಿ ಅಂತ. ಆದರೂ ಎಂಜಿನ್ ಹೋದಲ್ಲೆಲ್ಲ ಹಳಿ ಅಗಲಿಸಿತು, ಹಳಿ ಕವಲೊಡೆಯೋ ಪಾಯಿಂಟುಗಳನ್ನ ಹಾಳು ಮಾಡಿತು. ಮಾಸ್ಕೋಗೆ ಕರೆತಂದು ಮೆರವಣಿಗೆ ಮಾಡಿದ್ದೂ ಆಯ್ತು, ಆಮೇಲೆ ಮೂಲೆಗೆ ಸೇರಿತು. 1960ರಲ್ಲಿ ಗುಜರಿಗೆ. ಅಷ್ಟು ವರ್ಷ ಅದನ್ನ ಮುರಿಯೋಕೆ ಸಹಿ ಹಾಕೋ ಧೈರ್ಯ ಯಾರಿಗೂ ಬಂದಿರಲಿಕ್ಕಿಲ್ಲ. (ನಮ್ಮ ಕಚೇರಿಗಳನ್ನ ಕಂಡವರು ನಗ್ತಿದೀರಿ, ಸರಿ.)

ಅಮೆರಿಕದವರೇನು ಕಮ್ಮಿ? ಅಲ್ಲಿ ಈರಿ ರೈಲ್ವೆ 1914ರಲ್ಲಿ 2-8-8-8-2 ತಂತು. ಎಳೆಯೋ ಚಕ್ರಗಳ ಮೂರನೇ ಗುಂಪು ಟೆಂಡರಿನ, ಅಂದರೆ ಎಂಜಿನ್ ಹಿಂದಿನ ಕಲ್ಲಿದ್ದಲು-ನೀರಿನ ಗಾಡಿಯ ಅಡಿಯಲ್ಲಿ! ಕಲ್ಲಿದ್ದಲು, ನೀರು ಖರ್ಚಾದಂತೆ ಟೆಂಡರ್ ಹಗುರ, ಆ ಚಕ್ರಗಳ ಹಿಡಿತವೂ ಸಡಿಲ. ಆರು ಸಿಲಿಂಡರಿಗೆ ಉಗಿ ಕೊಡೋಕೆ ಒಂದು ಬಾಯ್ಲರ್ ಸಾಲಲಿಲ್ಲ. ಅಲ್ಲಿನ ಪೆನ್ಸಿಲ್ವೇನಿಯಾ ರೈಲ್ವೆಯ 6-4-4-6, 1939ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ರೋಲರುಗಳ ಮೇಲೆ ನಿಂತಲ್ಲೇ ಓಡಿ ಜನರನ್ನ ಬೆರಗುಗೊಳಿಸಿತು. ನಿಂತಲ್ಲೇ ಓಡುವಾಗ ತಿರುವು ಎಲ್ಲಿಂದ ಬರಬೇಕು ಹೇಳಿ! ನಿಜವಾದ ಹಳಿಗೆ ಬಂದಾಗ ಮೈ ಉದ್ದವಾಗಿ ಬಹಳ ಕಡೆ ತಿರುಗಲೇ ಇಲ್ಲ.

ಚೀಟಿ ಬಂತು, ಐದು ನಿಮಿಷ ಅಂತೆ. ಚೀಟಿ ಕಳಿಸಿದವರು ಸಾಗರದವರೇ ಇರಬೇಕು, ರೈಲಿನ ಹೊತ್ತಾಯ್ತು.

ಗ್ಯಾರಟ್ ಅನ್ನೋ ಬಗೆಯ ಎಂಜಿನ್ ಬಗ್ಗೆ ಹೇಳದೆ ಇಳಿಯಲ್ಲ. ಎರಡು ಚಕ್ರಗುಂಪು, ನಡುವೆ ತೂಗುಹಾಕಿದ ಬಾಯ್ಲರ್. ಒಂದೊಂದು ಗುಂಪೂ ತಿರುವಿಗೆ ತಕ್ಕಂತೆ ತಾನೇ ಹೊರಳುತ್ತೆ. ಬಾಯ್ಲರಿನ ಅಡಿ ಚಕ್ರವೇ ಇಲ್ಲ, ಹಾಗಾಗಿ ಬೆಂಕಿಗೂಡನ್ನ ಬೇಕಾದಷ್ಟು ಅಗಲ ಮಾಡಬಹುದು. ನಮ್ಮ ಬೆಂಗಾಲ್ ನಾಗಪುರ ರೈಲ್ವೆಯಲ್ಲಿದ್ದ 4-8-0+0-8-4 ದಿಲ್ಲಿಯ ರೈಲು ಮ್ಯೂಸಿಯಂನಲ್ಲಿ ನಿಂತಿದೆ, ಹೋದಾಗ ಬಗ್ಗಿ ಅಡಿಯಿಂದ ನೋಡಿ. ರಷ್ಯಾದವರ ಹದಿನಾಲ್ಕಕ್ಕಿಂತ ಇದರಲ್ಲಿ ಎಳೆಯೋ ಚಕ್ರ ಎರಡು ಜಾಸ್ತಿ, ಆದರೂ ತಿರುವಿನಲ್ಲಿ ತಕರಾರಿಲ್ಲ.

ನೀಲಗಿರಿಯ ಹಲ್ಲುಹಳಿ ಎಂಜಿನ್, ಫೇರ್ಲಿ, ಕ್ರಾಂಪ್ಟನ್ ಅನ್ನೋರ ಎಂಜಿನ್ನುಗಳು ಎಲ್ಲ ಬಾಕಿ ಉಳಿದವು. ಕ್ರಾಂಪ್ಟನ್ನನ ಚಕ್ರ ಡ್ರೈವರ್‌ಗಿಂತ ಎತ್ತರ, ಅಷ್ಟು ಮಾತ್ರ ಹೇಳ್ತೀನಿ. ಉಳಿದದ್ದನ್ನ ಹೊರಗೆ ಕಾಫಿ ಕುಡೀತಾ ಕೇಳಿ.